ಕೆಳಗಿನ ಸಣ್ಣಕ್ಷರ

2011ರಲ್ಲಿ ನಾನು ಬೆಂಗಳೂರಿನ ಒಂದು ಎಲ್‌ಪಿಓದಲ್ಲಿ ಕೆಲ್ಸ ಮಾಡ್ತಿದ್ದೆ. ಎಲ್‌ಪಿಓ ಅಂದ್ರೆ ಕಾಲ್ ಸೆಂಟರ್‌ಗೆ ಕರಿ ಕೋಟಿನ ನೆಂಟಸ್ತನ ಬೆಳೆಸಿದ ಹಾಗೆ, ಅಮೆರಿಕಾ ಇಂಗ್ಲೆಂಡಿನ ಲಾ ಫರ್ಮ್‌ಗಳ ಗುಡ್ಡೆಗಟ್ಲೆ ಇ-ಮೇಲು, ಅಗ್ರಿಮೆಂಟು ಎಲ್ಲಾ ನಮ್ಮ ಕಡೆ ಬರ್ತಿತ್ತು, ನಾವು ರಾತ್ರಿಯೆಲ್ಲಾ ಕೂತು ಒಂದೊಂದನ್ನೇ ತೆಗ್ದು ನೋಡಿ ಇದು ಕೇಸಿಗೆ ಬೇಕು, ಇದು ಬೇಡ, ಇದು ವಕೀಲರಿಗೂ ಕಕ್ಷಿದಾರನಿಗೂ ನಡುವಿನ ಗುಟ್ಟು, ಎದುರು ಪಾರ್ಟಿಗೆ ತೋರ್ಸೋ ಹಾಗಿಲ್ಲ ಅಂತ ಟ್ಯಾಗ್ ಹಾಕ್ಬೇಕು. ಗಂಟೆಗೆ ಐವತ್ತು ಅರವತ್ತು ಡಾಕ್ಯುಮೆಂಟು. ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಉರಿಯೋಕೆ ಶುರುವಾದ್ರೆ ಅಕ್ಷರ ಇರುವೆ ಸಾಲಿನ ಹಾಗೆ ಹರಿದಾಡ್ತಿತ್ತು.

ಒಂದಿನ ಒಂದು ಇ-ಮೇಲ್ ಸರಣಿ ಬಂತು. ಒಂದು ಕಡೆ ಲಂಡನ್ನಿನ ಲಾಯರ್ರು, ಇನ್ನೊಂದು ಕಡೆ ಜರ್ಮನಿಯ ಲಾಯರ್ರು, ಇಬ್ರ ವಿಳಾಸದಲ್ಲೂ ಅಟ್ ಆದ್ಮೇಲೆ ಬರೋದು ಒಂದೇ ಹೆಸರು, ಒಂದೇ ಲೋಗೋ. ನಾನು ಪಕ್ಕದ ನೋಟ್‌ನಲ್ಲಿ 'ಇಬ್ಬರೂ ಒಂದೇ ಫರ್ಮಿನವರು, ಒಳಗಿನ ಮಾತುಕತೆ' ಅಂತ ಬರೆದು ಮುಂದಕ್ಕೆ ಹೋದೆ. ಅದರಲ್ಲಿ ಅನುಮಾನ ಪಡೋಕೆ ಏನಿತ್ತು ಹೇಳಿ? ಎರಡು ದಿನ ಬಿಟ್ಟು ಆ ಕಡೆಯ ಲಾಯರಿಂದ ಉತ್ತರ ಬಂತು, ಒಂದೇ ಸಾಲು: ಇವೆರಡೂ ಒಂದೇ ಫರ್ಮ್ ಅಲ್ಲ, ದಯವಿಟ್ಟು ಕೆಳಗಿನ ಸಾಲು ಓದಿ. ಟೀಮ್ ಲೀಡ್ ಅದನ್ನ ಎಲ್ಲರಿಗೂ ಫಾರ್ವರ್ಡ್ ಮಾಡಿ, ಇಡೀ ಬ್ಯಾಚನ್ನ ಮತ್ತೆ ಮೊದಲಿಂದ ನೋಡ್ಬೇಕಾಗಿ ಬಂತು. ಅವತ್ತು ಕ್ಯಾಬಲ್ಲಿ ಯಾರೂ ನನ್ನ ಜೊತೆ ಮಾತಾಡ್ಲಿಲ್ಲ.

ಆ ಕೆಳಗಿನ ಸಾಲನ್ನ ನಾನು ಅಷ್ಟರಲ್ಲಿ ಸಾವಿರ ಸಲನಾದ್ರೂ ನೋಡಿರ್ಬೇಕು. ಬೂದು ಬಣ್ಣದ, ಎಂಟು ಪಾಯಿಂಟಿನ ಸಣ್ಣಕ್ಷರ: ಇಂಥದ್ದು ಒಂದು ಸ್ವಿಸ್ ವೆರೈನ್, ಅದರ ಸದಸ್ಯ ಸಂಸ್ಥೆಗಳು ಪ್ರತ್ಯೇಕ, ಹೀಗೆ ಏನೋ. ಸಿಗರೇಟ್ ಪ್ಯಾಕ್ ಮೇಲಿನ ಎಚ್ಚರಿಕೆ ಥರ ಕಣ್ಣು ಅದರ ಮೇಲೆ ನಿಲ್ತಾನೇ ಇರ್ಲಿಲ್ಲ. ಅವಮಾನ ಅನ್ನೋದು ಒಳ್ಳೆ ಮೇಷ್ಟ್ರು, ಅವತ್ತಿಂದ ಇವತ್ತಿನ ತನಕ ಆ ಸಾಲು ನನ್ನ ತಲೇಲಿ ಕೂತಿದೆ. ಒಂದೇ ಹೆಸರು ಇಟ್ಕೊಂಡು, ಒಂದೇ ಬೋರ್ಡ್ ಹಾಕ್ಕೊಂಡು, ನಾವು ಒಂದಲ್ಲ ಅನ್ನೋದು ಹೇಗೆ? ಹಾಗಾದ್ರೆ ಕಕ್ಷಿದಾರ ದುಡ್ಡು ಕೊಟ್ಟಿದ್ದು ಯಾರಿಗೆ?

ರಾಯರ ಕಟ್ಟುಗಳು

ನನಗೆ ವಕೀಲರ ಆಫೀಸು ಅಂದ್ರೆ ಮೊದಲು ನೆನಪಾಗೋದು ಸಾಗರದ ಹಳೇ ಮನೆಯೊಂದರ ಜಗುಲಿ. ನಮ್ಮದು ದಾಯಾದಿಗಳ ಜೊತೆ ತೋಟದ ದಾರಿ ವ್ಯಾಜ್ಯ, ಅಜ್ಜನ ಕಾಲದ್ದು. ರಾಯರು ನಮ್ಮ ವಕೀಲರು, ಬೋರ್ಡಲ್ಲಿ ಹೆಸರಿನ ಮುಂದೆ ಬಿ.ಎ., ಬಿ.ಎಲ್. ಅಂತ ಬಿಳಿ ಪೇಂಟಲ್ಲಿ. ಅಪ್ಪನ ಜೊತೆ ಹೋದ್ರೆ ನಾವು ಬೆಂಚಿನ ಮೇಲೆ ಕೂರ್ತಿದ್ವಿ, ಗುಮಾಸ್ತರು ಒಳಗಿಂದ ನಮ್ಮ ಕಟ್ಟು ತಂದು ಧೂಳು ಕೊಡವಿ ರಾಯರ ಮುಂದೆ ಇಡ್ತಿದ್ರು, ರಾಯರು ಅದನ್ನ ಬಿಚ್ಚೋ ಮುಂಚೆನೇ 'ಏನಯ್ಯಾ, ಅಡಿಕೆ ರೇಟು ಹೇಗಿದೆ' ಅಂತ ಕೇಳೋರು. ಕೇಸಿನ ಮಾತು ಎರಡು ನಿಮಿಷ, ಮುಂದಿನ ಮುದ್ದತ್ತಿನ ತಾರೀಖು ಒಂದು ಚೀಟೀಲಿ, ಮುಗೀತು.

ರಾಯರು ತೀರ್ಕೊಂಡಾಗ ನಾನು ಹೈಸ್ಕೂಲು. ವೈಕುಂಠ ಸಮಾರಾಧನೆ ಆಗಿ ನಾಲ್ಕೈದು ದಿನಕ್ಕೆ ಗುಮಾಸ್ತರು ಹೇಳಿ ಕಳ್ಸಿದ್ರು. ಹೋಗಿ ನೋಡಿದ್ರೆ ಜಗುಲಿ ತುಂಬಾ ಕಟ್ಟುಗಳು, ಕೆಂಪು ದಾರ ಕಟ್ಟಿದ್ದು, ಬಿಳಿ ದಾರ ಕಟ್ಟಿದ್ದು, ಹಳೇ ಪಂಚೆ ಹರ್ಕಲ್ಲಿ ಸುತ್ತಿದ್ದು. ಗುಮಾಸ್ತರು ಒಂದು ರಿಜಿಸ್ಟರ್ ಇಟ್ಕೊಂಡು ಊರ ಹೆಸರು ಹಿಡಿದು ಕೂಗೋರು, ಬಂದೋರು ಸಹಿ ಹಾಕಿ ತಮ್ಮ ಕಟ್ಟು ತಗೊಂಡು ಹೋಗೋರು. ರೇಷನ್ ಅಂಗಡಿ ಥರ. ಒಬ್ಬ ಮುದುಕಿ ಕಟ್ಟನ್ನ ಎದೆಗೆ ಒತ್ಕೊಂಡು 'ಇನ್ನು ನಾನು ಇದನ್ನ ಯಾರ ಹತ್ರ ತಗೊಂಡ್ಹೋಗ್ಲಿ ಭಟ್ರೇ' ಅಂತ ಕೇಳಿದ್ದು ನೆನಪಿದೆ, ಗುಮಾಸ್ತರು ತಲೆ ಎತ್ತದೆ ಮುಂದಿನ ಹೆಸರು ಕೂಗಿದ್ರು. ರಾಯರ ಮಗ ಬ್ಯಾಂಕಲ್ಲಿ ಕೆಲ್ಸಕ್ಕೆ ಇದ್ರು. ಮೂವತ್ತು ನಲವತ್ತು ವರ್ಷದ ಪ್ರಾಕ್ಟೀಸು ಒಂದು ಮಧ್ಯಾಹ್ನದೊಳಗೆ ಖಾಲಿ ಆಯ್ತು.

ದೊಡ್ಡ ಫರ್ಮುಗಳ ಕತೆ ಓದೋವಾಗೆಲ್ಲಾ ನನಗೆ ಈ ಜಗುಲಿ ಅಡ್ಡ ಬರತ್ತೆ. ಯಾಕಂದ್ರೆ ಫರ್ಮ್ ಅನ್ನೋದು ಹುಟ್ಟಿರೋದೇ ಈ ಮಧ್ಯಾಹ್ನ ಬರದೇ ಇರ್ಲಿ ಅಂತ. ಆಳು ಹೋದ್ರೂ ಬೋರ್ಡು ಇರ್ಬೇಕು, ಕಟ್ಟು ಬಿಚ್ಚೋಕೆ ಇನ್ನೊಬ್ಬ ಇರ್ಬೇಕು.

ಬೇಕರ್ ಮೆಕೆಂಜಿ

ಕೆಲ್ಸ ಬಿಟ್ಟ ಮೇಲೆ ಇಂಥಾ ಫರ್ಮುಗಳ ಚರಿತ್ರೆ ಸುಮಾರು ಓದ್ದೆ, ಅದ್ರಲ್ಲಿ ಬೇಕರ್ ಮೆಕೆಂಜಿದು ನನಗೆ ಬಹಳ ಹಿಡಿಸ್ತು. (ನಾನು ಟ್ಯಾಗ್ ತಪ್ಪು ಮಾಡಿದ ಕೇಸಿಗೂ ಇದಕ್ಕೂ ಸಂಬಂಧ ಇಲ್ಲ, ಮೊದ್ಲೇ ಹೇಳಿಬಿಡ್ತೀನಿ.) ರಸೆಲ್ ಬೇಕರ್ ಅಂತ ಒಬ್ಬ ಮನುಷ್ಯ, 1901ರಲ್ಲಿ ಹುಟ್ಟಿದ್ದು, ಬೆಳೆದಿದ್ದು ನ್ಯೂ ಮೆಕ್ಸಿಕೋದಲ್ಲಿ, ಅಂದ್ರೆ ಸ್ಪ್ಯಾನಿಷ್ ಮಾತಾಡೋ ಜನರ ನಡುವೆ. ಶಿಕಾಗೋ ಯೂನಿವರ್ಸಿಟೀಲಿ ಲಾ ಓದೋವಾಗ ಫೀಸಿಗೆ ದುಡ್ಡು ಹೊಂದಿಸೋಕೆ ಬಾಕ್ಸಿಂಗ್ ಆಡ್ತಿದ್ದ ಅಂತಾರೆ. 1925ರಲ್ಲಿ ಡೇನಾ ಸಿಂಪ್ಸನ್ ಅನ್ನೋ ಗೆಳೆಯನ ಜೊತೆ ಆಫೀಸು ಶುರು ಮಾಡಿದ. ಬಂದ ಕಕ್ಷಿದಾರರು ಯಾರು ಅಂದ್ರೆ ಶಿಕಾಗೋದಲ್ಲಿ ಕೂಲಿನಾಲಿ ಮಾಡ್ತಿದ್ದ ಮೆಕ್ಸಿಕೋ ಜನ. ದೊಡ್ಡೋರ ಆಫೀಸಿನ ಮೆಟ್ಲು ಹತ್ತೋಕೆ ಆಗದ ಜನಕ್ಕೆ ಭಾಷೆ ಬಲ್ಲ ವಕೀಲ ಸಿಕ್ಕಿದ, ಅಷ್ಟೇ. ಇದನ್ನ ಓದೋವಾಗ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಹತ್ರ ತಮಿಳು ತೆಲುಗು ಬರತ್ತೆ ಅನ್ನೋ ಒಂದೇ ಬಲದ ಮೇಲೆ ಪ್ರಾಕ್ಟೀಸ್ ಕಟ್ಟಿದ ಎಷ್ಟೋ ಲಾಯರ್ರು ನೆನಪಾದ್ರು.

ಆಮೇಲೆ ಅಬಟ್ ಲ್ಯಾಬೊರೇಟರೀಸ್ ಅನ್ನೋ ಔಷಧಿ ಕಂಪ್ನಿ ಸಿಕ್ತು, ಅದು ಹೊರದೇಶಗಳಲ್ಲಿ ಶಾಖೆ ಮಾಡೋಕೆ ಹೊರಟಾಗ ಬೇಕರ್ ಜೊತೆಗೆ ಹೋದ. ಯುದ್ಧ ಮುಗಿದ ಮೇಲೆ ಅಮೆರಿಕದ ಕಂಪ್ನಿಗಳೆಲ್ಲಾ ಲ್ಯಾಟಿನ್ ಅಮೆರಿಕ, ಯುರೋಪು ಅಂತ ಓಡೋಕೆ ಶುರು ಮಾಡಿದ್ವಲ್ಲ, ಅವಕ್ಕೆ ಟ್ಯಾಕ್ಸ್ ಲೆಕ್ಕ ಹಾಕಿ ಕೊಡೋರು, ಆ ದೇಶದಲ್ಲಿ ಕಂಪ್ನಿ ರಿಜಿಸ್ಟರ್ ಮಾಡ್ಸಿ ಕೊಡೋರು ಬೇಕಿತ್ತು. 1949ರಲ್ಲಿ ಜಾನ್ ಮೆಕೆಂಜಿ ಅನ್ನೋ ಕೋರ್ಟು ಲಾಯರ್ ಸೇರ್ಕೊಂಡ. 1955ರಲ್ಲಿ ಹೊರದೇಶದ ಮೊದಲ ಆಫೀಸು, ಅದೂ ಎಲ್ಲಿ ಅಂದ್ರೆ ಲಂಡನ್ ಅಲ್ಲ ಪ್ಯಾರಿಸ್ ಅಲ್ಲ, ವೆನೆಜುವೆಲಾದ ಕರಾಕಸ್. ಎಣ್ಣೆ ಅಲ್ಲಿತ್ತು, ಅಮೆರಿಕದ ಕಂಪ್ನಿಗಳೂ ಅಲ್ಲಿದ್ವು. 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಬಿದ್ದು ಯುರೋಪಿನ ಸಾಮಾನ್ಯ ಮಾರುಕಟ್ಟೆ ಹುಟ್ಕೊಂಡ ವರ್ಷವೇ ಬ್ರಸೆಲ್ಸ್. ಆಮೇಲೆ ಲಂಡನ್, ಮನಿಲಾ, ಸಿಡ್ನಿ, ಹಾಂಗ್‌ಕಾಂಗ್ ಅಂತ ಪಟ್ಟಿ ಬೆಳೀತಾ ಹೋಗತ್ತೆ, ಅದನ್ನೆಲ್ಲಾ ಇಲ್ಲಿ ಬರೆದ್ರೆ ರೈಲ್ವೆ ಟೈಮ್ ಟೇಬಲ್ ಆಗತ್ತೆ.

ಮುಖ್ಯ ಏನಂದ್ರೆ ಅವನು ಆಫೀಸು ತೆಗೆದ ರೀತಿ. ಅಮೆರಿಕದ ಫರ್ಮು ಹೊರದೇಶಕ್ಕೆ ಹೋಗೋದು ಅವನಿಂದ ಶುರುವಾಗಿದ್ದಲ್ಲ, ನ್ಯೂಯಾರ್ಕಿನ ಕೂಡೇರ್ ಬ್ರದರ್ಸ್ ಅನ್ನೋರು 1879ರಲ್ಲೇ ಪ್ಯಾರಿಸ್‌ನಲ್ಲಿ ಕೂತಿದ್ರು. ಆದ್ರೆ ಸಾಮಾನ್ಯವಾಗಿ ಹಾಗೆ ಹೋದೋರು ತಮ್ಮ ಕಡೆಯ ಲಾಯರನ್ನೇ ಕಳ್ಸೋರು, ಮಠದಿಂದ ಶಾಖಾ ಮಠಕ್ಕೆ ಪಾರುಪತ್ಯಗಾರನ್ನ ಕಳ್ಸಿದ ಹಾಗೆ. ಬೇಕರ್ ಆ ಊರಿನ ಲಾಯರನ್ನೇ ಹಿಡಿದ. ಕರಾಕಸ್‌ನಲ್ಲಿ ವೆನೆಜುವೆಲಾದವರು, ಮನಿಲಾದಲ್ಲಿ ಫಿಲಿಪೀನ್ಸ್‌ನವರು, ಅವರೂ ಪಾರ್ಟ್ನರ್ರೇ, ಅವರಿಗೂ ಪಾಲಿದೆ. ಯಾರು ಎಷ್ಟು ದುಡ್ಡು ತಂದ್ರು, ಅವರ ಆಫೀಸಿನ ಖರ್ಚೆಷ್ಟು, ಅದರ ಮೇಲೆ ಪಾಲು. ಆ ಲೆಕ್ಕಕ್ಕೆ ಫರ್ಮಿನೊಳಗೆ 'ಫಾರ್ಮುಲಾ' ಅಂತಾನೇ ಹೆಸರು. ಬೇರೆ ಫರ್ಮಿನವರು ಮೂಗು ಮುರಿದು 'ಮೆಕ್‌ಲಾ' ಅಂತ ಹೀಯಾಳಿಸಿದ್ರು, ಬರ್ಗರ್ ಅಂಗಡಿ ಫ್ರ್ಯಾಂಚೈಸಿ ಥರ ಅಂತ. ಹೀಯಾಳಿಸೋರ ಕಣ್ಮುಂದೇನೇ ಅದು ತಲೆ ಎಣಿಕೇಲಿ ಜಗತ್ತಿನ ಅತಿ ದೊಡ್ಡ ಲಾ ಫರ್ಮ್ ಆಗಿ ವರ್ಷಗಟ್ಲೆ ಕೂತ್ಕೊಳ್ತು. ಈಗ ಎಪ್ಪತ್ತಕ್ಕೂ ಹೆಚ್ಚು ಆಫೀಸು, ನಲವತ್ತಕ್ಕೂ ಹೆಚ್ಚು ದೇಶ.

ಈ ಪದ್ಧತೀಲಿ ಒಂದು ಅಡ್ಡ ಲಾಭ ಇತ್ತು ಅನ್ಸತ್ತೆ. 1981ರಲ್ಲಿ ಪ್ಯಾರಿಸ್ ಆಫೀಸಿಗೆ ಕ್ರಿಸ್ಟೀನ್ ಲಗಾರ್ಡ್ ಸೇರಿದ್ರು, 1999ರಲ್ಲಿ ಇಡೀ ಫರ್ಮಿಗೆ ಚೇರ್ಮನ್ ಆದ್ರು, ಆ ಜಾಗಕ್ಕೆ ಬಂದ ಮೊದಲ ಹೆಂಗಸು. ಆಮೇಲೆ ಐಎಂಎಫ್, ಯುರೋಪಿನ ಸೆಂಟ್ರಲ್ ಬ್ಯಾಂಕು ಎಲ್ಲಾ ನಿಮಗೆ ಗೊತ್ತೇ ಇದೆ. ಶಿಕಾಗೋದಲ್ಲಿ ಹುಟ್ಟಿದ ಫರ್ಮಿಗೆ ಪ್ಯಾರಿಸ್ಸಿನ ಹೆಂಗಸೊಬ್ರು ಯಜಮಾನಿ ಆಗ್ಬೇಕಂದ್ರೆ, ಪ್ಯಾರಿಸ್ಸಿನೋರಿಗೆ ಅಲ್ಲಿ ಮೊದಲಿಂದ ಪಾಲಿದ್ದಿರ್ಬೇಕು, ಬರೀ ಸಂಬಳ ಅಲ್ಲ.

ಒಲೆ ಬೇರೆ, ಸೂರು ಒಂದು

2004ರಲ್ಲಿ ಬೇಕರ್ ಮೆಕೆಂಜಿ ಸ್ವಿಸ್ ವೆರೈನ್ ಆಯ್ತು. ಅದಕ್ಕೂ ಮುಂಚೆ ದೊಡ್ಡ ದೊಡ್ಡ ಆಡಿಟ್ ಕಂಪ್ನಿಗಳು ಹಿಡಿದಿದ್ದ ದಾರಿ ಅದು, ಆಮೇಲೆ ಡಿಎಲ್ಎ ಪೈಪರ್, ಹೋಗನ್ ಲವೆಲ್ಸ್, ಡೆಂಟನ್ಸ್ ಎಲ್ಲಾ ಅದನ್ನೇ ಹಿಡಿದ್ರು. ನನ್ನ ಮರ್ಯಾದೆ ಕಳೆದ ಆ ಪದದ ಅರ್ಥ ಹುಡುಕಿದಾಗ ನಗು ಬಂತು. ಜರ್ಮನ್‌ನಲ್ಲಿ ಅದರ ಅರ್ಥ ಸಂಘ. ನಮ್ಮೂರ ಯುವಕ ಸಂಘ, ಮಹಿಳಾ ಸಂಘ ಅಂತೀವಲ್ಲ ಅದೇ. ಸ್ವಿಟ್ಜರ್ಲೆಂಡಿನ ಸಿವಿಲ್ ಕೋಡಿನ 60ನೇ ಕಲಮು, ಧರ್ಮಕ್ಕೋ ಕಲೆಗೋ ದಾನಕ್ಕೋ ಆಟಕ್ಕೋ ನಾಲ್ಕು ಜನ ಸೇರಿ ನಿಯಮಾವಳಿ ಬರ್ಕೊಂಡ್ರೆ ಅದು ಸಂಘ ಆಯ್ತು ಅನ್ನತ್ತೆ. ಭಜನಾ ಮಂಡಳಿಗೆ ಮಾಡಿದ ಕಾನೂನು. ಫುಟ್‌ಬಾಲಿನ ಫಿಫಾ ಕೂಡ ಇದೇ ಕಲಮಿನ ಕೆಳಗಿರೋ ಸಂಘ. ಅಂಥಾ ಸಂಘದ ಮೆಂಬರ್ರುಗಳಾಗಿ ಶಿಕಾಗೋ ಫರ್ಮು, ಲಂಡನ್ ಫರ್ಮು, ಜರ್ಮನಿ ಫರ್ಮು ಎಲ್ಲಾ ಕೂರ್ತಾವೆ. ಸಂಘ ತಾನಾಗಿ ಯಾರಿಗೂ ವಕೀಲಿಕೆ ಮಾಡಲ್ಲ, ಮಾಡೋದೆಲ್ಲಾ ಮೆಂಬರ್ರುಗಳು. ಒಬ್ಬರ ಸಾಲ ಇನ್ನೊಬ್ಬರ ತಲೆ ಮೇಲೆ ಬರಲ್ಲ.

ನನಗೆ ಇದು ಅರ್ಥ ಆಗಿದ್ದು ಹಿಸೆ ಆದ ಮನೆಯ ಲೆಕ್ಕದಲ್ಲಿ. ನಮ್ಮ ಕಡೆ ದೊಡ್ಡ ಮನೆ ಹಿಸೆ ಆದ್ರೂ ಎಷ್ಟೋ ಸಲ ಸೂರು ಒಂದೇ ಇರತ್ತೆ. ಹೊರಗಿಂದ ನೋಡೋರಿಗೆ ಇಂಥವರ ಮನೆ. ಒಳಗೆ ನಾಲ್ಕು ಒಲೆ, ನಾಲ್ಕು ಮೀಟರು, ದೇವರ ಪೂಜೆ ಮಾತ್ರ ವರ್ಷಕ್ಕೊಬ್ರ ಪಾಳಿ. ಮದುವೆ ಕಾಗದದಲ್ಲಿ ಎಲ್ಲರದ್ದೂ ಒಂದೇ ಮನೆ ಹೆಸರು, ಸೊಸೈಟಿ ಸಾಲದ ನೋಟೀಸ್ ಬಂದ್ರೆ ಮಾತ್ರ 'ಅದು ನಮ್ದಲ್ಲ, ಹಿಂದಿನ ಒಲೆಯೋರದ್ದು, ಆ ಕಡೆ ಹೋಗಿ'. ನಾನು ಟ್ಯಾಗ್ ಹಾಕಿದ್ದು ಸೂರು ನೋಡಿ, ಅವರು ಬೈದಿದ್ದು ಒಲೆ ಲೆಕ್ಕದಲ್ಲಿ.

ತಮಾಷೆಗೆ ಹೇಳ್ತಿದ್ದೀನಿ ಅನ್ಕೋಬೇಡಿ, ನಮ್ಮ ದೇಶದ ದೊಡ್ಡ ಫರ್ಮಿಗೆ ನಿಜವಾಗಿಯೂ ಇದೇ ಆಗಿದ್ದು. 1917ರಲ್ಲಿ ಶುರುವಾದ ಅಮರ್‌ಚಂದ್ ಮಂಗಲದಾಸ್ 2015ರಲ್ಲಿ ಅಣ್ಣ ತಮ್ಮನ ನಡುವೆ ಹಿಸೆ ಆಯ್ತು, ತಾಯಿಯ ವಿಲ್ ವಿಷಯಕ್ಕೆ ತಕರಾರು ಎದ್ದು. ದೆಹಲಿ ಕಡೆಯೋರು ಶಾರ್ದೂಲ್ ಅಮರ್‌ಚಂದ್ ಮಂಗಲದಾಸ್, ಮುಂಬೈ ಕಡೆಯೋರು ಸಿರಿಲ್ ಅಮರ್‌ಚಂದ್ ಮಂಗಲದಾಸ್. ಒಲೆ ಬೇರೆ ಆಯ್ತು, ಮನೆ ಹೆಸರು ಮಾತ್ರ ಇಬ್ಬರಲ್ಲಿ ಒಬ್ರೂ ಬಿಡ್ಲಿಲ್ಲ.

ಇಪ್ಪತ್ತು ಜನ

ನಮ್ಮಲ್ಲಿ ಯಾಕೆ ಅಂಥಾ ಫರ್ಮು ಬೆಳೀಲಿಲ್ಲ ಅಂತ ಕೇಳಿದ್ರೆ ಜನ ನಮ್ಮ ಸ್ವಭಾವ, ಒಗ್ಗಟ್ಟಿಲ್ಲ, ಏಡಿ ಬುಟ್ಟಿ ಅಂತೆಲ್ಲಾ ಶುರು ಮಾಡ್ತಾರೆ. ಕಾರಣ ಅಷ್ಟು ದೊಡ್ಡ ತತ್ವಜ್ಞಾನದ್ದಲ್ಲ. 1956ರ ಕಂಪನಿ ಕಾಯ್ದೆ ಪ್ರಕಾರ ಒಂದು ಪಾರ್ಟ್ನರ್‌ಶಿಪ್‌ನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರೋ ಹಾಗೆ ಇರ್ಲಿಲ್ಲ. ಇದು ಇಂಗ್ಲೆಂಡಿನ ಹಳೇ ಕಾನೂನಿಂದ ಬಂದಿದ್ದು. ಅವರು 1967ರಲ್ಲೇ ಸಾಲಿಸಿಟರ್‌ಗಳಿಗೆ ಆ ಬೇಲಿ ತೆಗೆದ್ರು, ಇಪ್ಪತ್ತು ವರ್ಷದೊಳಗೆ, 1987ರಲ್ಲಿ, ಕವರ್ಡ್ ಚಾನ್ಸ್ ಮತ್ತು ಕ್ಲಿಫರ್ಡ್ ಟರ್ನರ್ ಅನ್ನೋ ಎರಡು ಫರ್ಮು ಕೂಡಿ ಕ್ಲಿಫರ್ಡ್ ಚಾನ್ಸ್ ಅನ್ನೋ ದೈತ್ಯ ಹುಟ್ತು. ನಮ್ಮಲ್ಲಿ 2008ರ ಎಲ್‌ಎಲ್‌ಪಿ ಕಾಯ್ದೆ (ಪಾರ್ಟ್ನರ್‌ಗಳ ಹೊಣೆಗೆ ಮಿತಿ ಇರೋ ಪಾರ್ಟ್ನರ್‌ಶಿಪ್‌ದು), ಆಮೇಲೆ 2013ರ ಕಂಪನಿ ಕಾಯ್ದೆ ಬರೋ ತನಕ ಬೇಲಿ ಹಾಗೇ ಇತ್ತು. ಜೊತೆಗೆ ವಕೀಲ ಜಾಹೀರಾತು ಕೊಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮದಲ್ಲಿ ಬೋರ್ಡಿನ ಅಳತೆ ಕೂಡ ಮಿತವಾಗಿರ್ಬೇಕು ಅಂತ ಇದೆ. ಸಾಗರದ ರಾಯರ ಬೋರ್ಡು ಸಣ್ಣದಿದ್ದಿದ್ದು ಬರೀ ವಿನಯಕ್ಕಲ್ಲ.

ಹೊರಗಿನೋರು ಒಳಗೆ ಬರೋ ಬಾಗ್ಲೂ ಮುಚ್ಚಿತ್ತು. ತೊಂಬತ್ತರ ದಶಕದಲ್ಲಿ ವೈಟ್ ಅಂಡ್ ಕೇಸ್, ಚಾಡ್ಬೋರ್ನ್, ಆಶರ್ಸ್ಟ್ ಅನ್ನೋ ಮೂರು ಫರ್ಮು ರಿಸರ್ವ್ ಬ್ಯಾಂಕಿನ ಪರ್ಮಿಷನ್ ತಗೊಂಡು ಲೈಸನ್ ಆಫೀಸು, ಅಂದ್ರೆ ಬರೀ ಸಂಪರ್ಕಕ್ಕೆ ಅಂತ ಇರೋ ಆಫೀಸು, ತೆಗೆದ್ವು, 2009ರಲ್ಲಿ ಬಾಂಬೆ ಹೈಕೋರ್ಟು ಇದು ನಡೆಯಲ್ಲ ಅಂತು, ಕೋರ್ಟಲ್ಲಿ ನಿಂತು ವಾದ ಮಾಡೋದಷ್ಟೇ ಅಲ್ಲ, ಆಫೀಸಲ್ಲಿ ಕೂತು ಸಲಹೆ ಕೊಡೋದೂ ವಕೀಲಿಕೆನೇ ಅಂತ. ಆಮೇಲೆ ಮದ್ರಾಸ್ ಹೈಕೋರ್ಟಲ್ಲಿ ಎ.ಕೆ. ಬಾಲಾಜಿ ಅನ್ನೋ ವಕೀಲರ ಕೇಸು, 30ಕ್ಕೂ ಹೆಚ್ಚು ವಿದೇಶಿ ಫರ್ಮುಗಳ ಮೇಲೆ. ಆ ಪಟ್ಟೀಲಿ ಒಂದು ಎಲ್‌ಪಿಓ ಕೂಡ ಇತ್ತು. ನಾವಾಗ ನೈಟ್ ಶಿಫ್ಟಲ್ಲಿ ಟೀ ಕುಡೀತಾ ಇದೇ ಮಾತು, ಇವತ್ತು ಕೋರ್ಟು ಬೇಡ ಅಂದ್ರೆ ನಾಳೆ ಇಎಂಐ ಕಟ್ಟೋದು ಹೇಗೆ ಅಂತ. 2012ರಲ್ಲಿ ಮದ್ರಾಸ್ ಹೈಕೋರ್ಟು ಅವರನ್ನ ಬಂದು ಸಲಹೆ ಕೊಟ್ಟು ಹೋಗೋಕೆ ಬಿಡ್ತು, 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಬಿಗಿ ಮಾಡ್ತು: ಅಪರೂಪಕ್ಕೆ ಬಂದು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಟ್ಟು ಹೋಗ್ಬಹುದು, ಮತ್ತೆ ಮತ್ತೆ ಬಂದ್ರೆ ಅದು ಪ್ರಾಕ್ಟೀಸು. ನಮ್ಮಂಥೋರ ಕೆಲ್ಸ ಮೂಲದಲ್ಲಿ ವಕೀಲಿಕೆ ಅಲ್ಲದಿದ್ರೆ ಅಡ್ಡಿ ಇಲ್ಲ ಅಂತಾನೂ ಹೇಳ್ತು. ಅದನ್ನ ಓದಿದಾಗ ಸಮಾಧಾನನೂ ಆಯ್ತು, ಒಂಥರಾ ಚುಚ್ತು ಕೂಡ. ಎಲ್‌ಎಲ್‌ಬಿ ಮಾಡಿ ರಾತ್ರಿಯೆಲ್ಲಾ ಮಾಡಿದ್ದು ವಕೀಲಿಕೆ ಅಲ್ಲ ಅನ್ನೋದೇ ನಮ್ಮನ್ನ ಉಳಿಸಿದ್ದು. 2023ರಲ್ಲಿ ಬಾರ್ ಕೌನ್ಸಿಲ್ಲು ನಿಯಮ ಮಾಡಿ ವಿದೇಶಿ ಫರ್ಮುಗಳಿಗೆ ಬಾಗ್ಲು ಅರ್ಧ ತೆಗೀತು, ರಿಜಿಸ್ಟರ್ ಮಾಡ್ಕೊಂಡು ವಿದೇಶಿ ಕಾನೂನಿನ ಕೆಲ್ಸ ಮಾಡಿ, ಕೋರ್ಟಿಗೆ ಮಾತ್ರ ಬರ್ಬೇಡಿ ಅಂತ.

ಇಲ್ಲಿಂದ ಆಚೆಗೆ ಹೋಗೋ ಬಾಗ್ಲು ಮಾತ್ರ ಯಾವತ್ತೂ ಮುಚ್ಚಿರ್ಲಿಲ್ಲ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಂದ ಎಷ್ಟೋ ಹುಡುಗ್ರು ಹುಡುಗೀರು ಸೀದಾ ಲಂಡನ್ನಿನ ಫರ್ಮುಗಳಿಗೆ ಹೋದ್ರು. ಅದೇ ರಿಂಗ್ ರೋಡಲ್ಲಿ ನಮ್ಮ ಕ್ಯಾಬು ರಾತ್ರಿ ಹೋಗ್ತಿತ್ತು, ಅವರು ಬರೆದಿದ್ದನ್ನ ನಾವು ಟ್ಯಾಗ್ ಮಾಡೋಕೆ.

ಯಾರ ತಲೆ ಮೇಲೆ

ಸೂರು ಒಂದು, ಒಲೆ ಬೇರೆ ಅನ್ನೋದು ಅನುಕೂಲಕ್ಕೆ ಚೆನ್ನಾಗಿದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಬೇಕರ್ ಮೆಕೆಂಜಿ 1989ರಿಂದ ಇದ್ದ ತನ್ನ ಮಾಸ್ಕೋ ಆಫೀಸನ್ನ ಬೇರೆ ಮಾಡಿ ಕಳ್ಸಿಬಿಡ್ತು, ಅಲ್ಲಿನೋರು ತಮ್ಮದೇ ಸ್ವತಂತ್ರ ಫರ್ಮ್ ಮಾಡ್ಕೊಂಡ್ರು. ಎಲ್ಲಾ ಅವರವರ ಊರಿನೋರೇ ಇದ್ದಿದ್ರಿಂದ ಇದು ಸಾಧ್ಯ ಆಯ್ತು ಅಂತ ನನ್ನ ಅಂದಾಜು. 1879ರಲ್ಲಿ ಪ್ಯಾರಿಸ್‌ಗೆ ಹೋಗಿದ್ದ ಕೂಡೇರ್ ಬ್ರದರ್ಸ್ 2005ರಲ್ಲಿ ಮುಚ್ಕೊಂಡು ಹೋಯ್ತು, ಒಂದೂವರೆ ಶತಮಾನದ ಫರ್ಮು. ಸಡಿಲ ಕಟ್ಟಿದ್ದು ಉಳೀತು, ಬಿಗಿ ಕಟ್ಟಿದ್ದು ಹೋಯ್ತು ಅಂತ ಹೇಳೋಕೆ ಆಸೆ ಆಗತ್ತೆ, ಆದ್ರೆ ಅಷ್ಟು ಸರಳ ಇರಲ್ಲ.

ಯಾಕಂದ್ರೆ ಹೆಸರು ಒಂದಿದ್ರೆ ಕೆಟ್ಟ ಹೆಸರೂ ಒಂದೇ. 1994ರಲ್ಲಿ, ಅಂದ್ರೆ ವೆರೈನ್ ಆಗೋಕೆ ಹತ್ತು ವರ್ಷ ಮುಂಚೆ, ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ ಇದೇ ಫರ್ಮಿಗೆ ಸುಮಾರು 70 ಲಕ್ಷ ಡಾಲರ್ ದಂಡ ಹಾಕ್ತು. ಒಬ್ಬ ಪಾರ್ಟ್ನರ್ ಒಬ್ಬ ಸೆಕ್ರೆಟರಿಗೆ ಕೊಟ್ಟ ಲೈಂಗಿಕ ಕಿರುಕುಳದ ಕೇಸು. ಮುಂಚೆನೂ ಅವನ ಮೇಲೆ ದೂರು ಬಂದಿದ್ವು, ಆದ್ರೂ ಫರ್ಮು ಅವನನ್ನ ಇಟ್ಕೊಂಡಿತ್ತು ಅನ್ನೋದೇ ಅಷ್ಟು ದೊಡ್ಡ ದಂಡಕ್ಕೆ ಕಾರಣ. ಜಡ್ಜು ಆಮೇಲೆ ಅದನ್ನ ಅರ್ಧಕ್ಕೆ ಇಳಿಸಿದ್ರು, ಅದು ಬೇರೆ ಮಾತು. ದುಡ್ಡು ತರೋನಿಗೆ ಪಾಲು ಅನ್ನೋ ಮನೇಲಿ, ದುಡ್ಡು ತರೋನಿಗೆ ಬಾಯಿ ಬಿಟ್ಟು ಹೇಳೋರು ಯಾರು? ಕೂಡು ಕುಟುಂಬದಲ್ಲಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳೋದೇನೂ ಬೇಡ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಇದನ್ನೆಲ್ಲಾ ಅಪ್ಪನಿಗೆ ಹೇಳ್ತಾ ಕೂತಿದ್ದೆ. ಜಗುಲೀಲಿ ಹಾಳೆ ಮೇಲೆ ಅಡಿಕೆ ಆರಿಸ್ತಾ ಕೇಳ್ತಿದ್ರು, ಕರಾಕಸ್ಸು ಮನಿಲಾ ಎಲ್ಲಾ ಆಯ್ತು, ವೆರೈನಿಗೆ ಹೂಂ ಅಂದ್ರು, ಎಪ್ಪತ್ತು ಆಫೀಸು ಅಂದಾಗ ಕೈ ನಿಲ್ಲಿಸಿದ್ರು. 'ಅಲ್ಲ ಮಾರಾಯ, ಅಷ್ಟು ಆಫೀಸಿದ್ರೆ ಕಟ್ಟು ಯಾರ ಹತ್ರ ಇರತ್ತೆ?'

ಬೇಕರ್ ಮೆಕೆಂಜಿ 2000ದಲ್ಲೇ ಮನಿಲಾದಲ್ಲಿ ಒಂದು ದೊಡ್ಡ ಹಿಂಬದಿ ಆಫೀಸು ತೆಗೀತು, ಆಮೇಲೆ ಬೆಲ್‌ಫಾಸ್ಟ್‌ನಲ್ಲಿ ಇನ್ನೊಂದು. ಬೇರೆ ಫರ್ಮುಗಳದ್ದು ಗುರ್‌ಗಾಂವ್‌ನಲ್ಲಿ, ಬೆಂಗಳೂರಲ್ಲಿ, ನಮ್ಮಂಥೋರ ಕೈಲಿ. ಒಲೆ ಎಷ್ಟೇ ಇದ್ರೂ ಎಲ್ಲರ ಕಟ್ಟೂ ಒಂದು ಕಡೆ ಬಂದು ಬೀಳೋದು ಅಂಥಾ ಜಾಗದಲ್ಲೇ.

'ನಮ್ಮ ಹತ್ರ ಇರ್ತಿತ್ತು' ಅಂದೆ.

ಅಪ್ಪ ಒಂದು ಕೆಂಪಡಿಕೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಆ ಕಡೆ ಹಾಕಿದ್ರು. 'ಹಂಗಾದ್ರೆ ನೀನು ಗುಮಾಸ್ತ ಆಗಿದ್ದೆ ಅನ್ನು' ಅಂದ್ರು.